ಸೂರ್ಯಚಂದ್ರರಿರುವವರೆಗೆ: ಕೊಟ್ಟ ಮಾತು ಮತ್ತು ಮೀರಿದವರ ಪಾಡು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಗುಡಿಯ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ಹಳೆಯ ದಾನಶಾಸನಗಳ ನೆತ್ತಿಯಲ್ಲಿ ಸಾಮಾನ್ಯವಾಗಿ ಸೂರ್ಯಚಂದ್ರರ ಚಿಹ್ನೆಗಳಿರುತ್ತವೆ, ಕೊನೆಯ ಸಾಲುಗಳಲ್ಲಿ ಶಾಪವಿರುತ್ತದೆ. ಇವೆರಡರ ನಡುವೆ ದಾನ ಕೊಟ್ಟವರು ಯಾರು, ಪಡೆದ ದೇವರು ಅಥವಾ ಗುರು ಯಾರು, ಕೊಟ್ಟ ಗದ್ದೆ ಬೆದ್ದಲುಗಳ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರಗಳು ಬರುತ್ತವೆ. ಸೂರ್ಯಚಂದ್ರರು ಕೊಟ್ಟ ಮಾತಿನ ಅವಧಿಯನ್ನು ಸೂಚಿಸುತ್ತಾರೆ, ಅಂದರೆ ಅವರಿಬ್ಬರೂ ಆಕಾಶದಲ್ಲಿರುವವರೆಗೆ ಈ ದಾನ ನಡೆಯಬೇಕು. ಶಾಪವು ಆ ಮಾತನ್ನು ಮೀರಿದವನಿಗೆ ಒದಗುವ ಗತಿಯನ್ನು ಹೇಳುತ್ತದೆ. ಶಾಸನತಜ್ಞರು ಈ ಕೊನೆಯ ಭಾಗವನ್ನು ಶಾಪಾಶಯ ಎಂದು ಕರೆಯುತ್ತಾರೆ. ದೈವವು ತನ್ನ ಮಾತಿಗೆ ತಪ್ಪುವುದಿಲ್ಲ ಎಂಬ ನಂಬಿಕೆ ಮತ್ತು ದೈವಾಜ್ಞೆಯನ್ನು ಮೀರಿದವನು ಅದರ ಫಲವನ್ನು ಉಣ್ಣಲೇಬೇಕು ಎಂಬ ಎಚ್ಚರಿಕೆ ಜಗತ್ತಿನ ಬಹುತೇಕ ಧರ್ಮಗ್ರಂಥಗಳಲ್ಲಿ ಜೊತೆಜೊತೆಯಾಗಿಯೇ ಬರುತ್ತವೆ. ಹಾಸನ ಸೀಮೆಯಲ್ಲಿ ಆ ಜೋಡಿ ಕಲ್ಲಿನ ಮೇಲೆ, ಹೊಲಗದ್ದೆಗಳ ಲೆಕ್ಕದ ನಡುವೆ, ದಿನಬಳಕೆಯ ಕಾನೂನಾಗಿ ಉಳಿದುಬಂದಿದೆ.

ಈ ರೂಢಿ ಎಷ್ಟು ಹಳೆಯದೆಂದರೆ, ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲಿ ಒಂದಾದ, ಇದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದ, ಸುಮಾರು ಕ್ರಿ.ಶ. 450ರ ಕಲ್ಲಿನಲ್ಲಿಯೇ ಅದು ಕಾಣಿಸುತ್ತದೆ. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಳ್ಳಿಗಳನ್ನು ಕೊಟ್ಟ ಸಂಗತಿಯನ್ನು ಹೇಳುವ ಆ ಶಾಸನವು, ಈ ದತ್ತಿಯನ್ನು ಅಳಿದವನಿಗೆ ಮಹಾಪಾತಕವೆಂದು ಸಾರುತ್ತದೆ. ಮಹಾಪಾತಕವೆಂದರೆ ಧರ್ಮಶಾಸ್ತ್ರಗಳು ಎಣಿಸುವ ಐದು ಘೋರ ಪಾಪಗಳು: ಬ್ರಾಹ್ಮಣನನ್ನು ಕೊಲ್ಲುವುದು, ಸುರಾಪಾನ, ಚಿನ್ನ ಕದಿಯುವುದು, ಗುರುಪತ್ನಿಯನ್ನು ಕೂಡುವುದು ಮತ್ತು ಇಂಥವರ ಸಹವಾಸ. ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವುದು ಈ ಪಟ್ಟಿಯಲ್ಲಿ ಇರಲಿಲ್ಲ. ಶಾಸನಗಳನ್ನು ಬರೆಸಿದವರು ಅದನ್ನು ಈ ಪಟ್ಟಿಯ ಮಟ್ಟಕ್ಕೆ ಏರಿಸಿದರು.

ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕ ಮಾಲೆಯ ಐದನೆಯ ಸಂಪುಟವಾಗಿ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಗಳನ್ನು ತಿರುವಿಹಾಕಿದರೆ, ಶತಮಾನಗಳು ಕಳೆದರೂ ರಾಜವಂಶಗಳು ಬದಲಾದರೂ ಕೆಲವೇ ಸಂಸ್ಕೃತ ಶ್ಲೋಕಗಳು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಅವುಗಳಲ್ಲಿ ಹೆಚ್ಚು ಪ್ರಚಲಿತವಾದದ್ದರ ತಾತ್ಪರ್ಯವೆಂದರೆ, ತಾನು ಕೊಟ್ಟದ್ದಾಗಲಿ ಬೇರೆಯವರು ಕೊಟ್ಟದ್ದಾಗಲಿ, ದಾನದ ನೆಲವನ್ನು ಅಪಹರಿಸಿದವನು 60,000 ವರ್ಷಗಳ ಕಾಲ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು. ಇನ್ನೊಂದು ಶ್ಲೋಕವು ದಾನ ಮಾಡುವುದಕ್ಕಿಂತ ದಾನವನ್ನು ಪಾಲಿಸುವುದೇ ದೊಡ್ಡದೆಂದು ಹೇಳಿ, ಕೊಟ್ಟವನಿಗೆ ಸ್ವರ್ಗವನ್ನೂ ಕಾಪಾಡಿದವನಿಗೆ ಅದಕ್ಕಿಂತ ಮಿಗಿಲಾದ, ಚ್ಯುತಿಯಿಲ್ಲದ ಪದವಿಯನ್ನೂ ಕೊಡುತ್ತದೆ. ಮತ್ತೊಂದರ ಪ್ರಕಾರ ವಿಷವು ಅದನ್ನು ಕುಡಿದವನೊಬ್ಬನನ್ನೇ ಕೊಲ್ಲುತ್ತದೆ, ದೇವರ ಸ್ವತ್ತನ್ನು ಕಬಳಿಸುವ ವಿಷವಾದರೋ ಮಕ್ಕಳು ಮೊಮ್ಮಕ್ಕಳನ್ನೂ ಬಿಡುವುದಿಲ್ಲ. ಇವೆಲ್ಲಕ್ಕಿಂತ ಹೃದ್ಯವಾದದ್ದು ರಾಮಚಂದ್ರನ ಹೆಸರಿನಲ್ಲಿ ಬರುವ ಶ್ಲೋಕ. ಅದರಲ್ಲಿ ಬೆದರಿಕೆಯೇ ಇಲ್ಲ, ಧರ್ಮವೆಂಬ ಈ ಸೇತುವೆ ಎಲ್ಲ ಅರಸರಿಗೂ ಸಮಾನವಾದದ್ದು, ಕಾಲಕಾಲಕ್ಕೆ ಕಾಪಾಡಿರಿ ಎಂದು ಮುಂದೆ ಬರಲಿರುವ ರಾಜರನ್ನು ರಾಮನು ಬೇಡಿಕೊಳ್ಳುತ್ತಾನೆ.

ತಾನು ಕೊಟ್ಟದ್ದು, ಬೇರೆಯವರು ಕೊಟ್ಟದ್ದು ಎಂಬ ಭೇದವನ್ನು ಅಳಿಸಿಹಾಕುವ ಆ ಮಾತು ಶಾಪಾಶಯದ ತಿರುಳು. ಗಂಗರು ಕೊಟ್ಟದ್ದನ್ನು ಹೊಯ್ಸಳರು, ಹೊಯ್ಸಳರು ಕೊಟ್ಟದ್ದನ್ನು ವಿಜಯನಗರದವರು, ಅವರ ಕಾಲದ್ದನ್ನು ಪಾಳೆಯಗಾರರು ನಡೆಸಿಕೊಂಡು ಬರುವಂತೆ ಮಾಡಬಲ್ಲ ಲೌಕಿಕ ನ್ಯಾಯಾಲಯ ಯಾವುದೂ ಇರಲಿಲ್ಲ. ದಾನಿಯು ಸತ್ತ ಮೇಲೆ, ಅವನ ವಂಶವೇ ಅಳಿದ ಮೇಲೆ, ಅವನ ಮಾತಿಗೆ ಹೊಣೆ ಯಾರು ಎಂಬ ಪ್ರಶ್ನೆಗೆ ಸಿಕ್ಕಿದ ಉತ್ತರವೇ ದೈವ. ಶಾಪವು ಮೂಢನಂಬಿಕೆಯೆಂದು ಬದಿಗೆ ಸರಿಸುವವರು ಈ ಪ್ರಶ್ನೆಯ ಗಟ್ಟಿತನವನ್ನು ಗಮನಿಸಿರುವುದಿಲ್ಲ.

ಇದೇ ಪ್ರಶ್ನೆಯನ್ನು ಎದುರಿಸಿದ ನಾಡು ಕರ್ನಾಟಕವೊಂದೇ ಅಲ್ಲ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ ಬಾಬಿಲೋನಿಯವನ್ನು ಆಳಿದ ಕಾಸೈಟ್ ಅರಸರು ಭೂದಾನಗಳನ್ನು ಕುಡುರ್ರು ಎಂಬ ಕಲ್ಲುಗಳ ಮೇಲೆ ಬರೆಸುತ್ತಿದ್ದರು. ಅವುಗಳ ನೆತ್ತಿಯಲ್ಲಿ ಚಂದ್ರ, ಸೂರ್ಯ ಮತ್ತು ಶುಕ್ರನಕ್ಷತ್ರಗಳ ಚಿಹ್ನೆಗಳಿರುತ್ತಿದ್ದವು, ಬರಹದ ಕಡೆಯಲ್ಲಿ ದಾನವನ್ನು ಕೆಡಿಸಿದವನ ಮೇಲೆ ದೇವತೆಗಳ ಶಾಪವಿರುತ್ತಿತ್ತು. ಹನ್ನೆರಡನೆಯ ಶತಮಾನದ ಹೊಯ್ಸಳ ಶಾಸನಕ್ಕೂ ಅದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನ ಈ ಕಲ್ಲುಗಳಿಗೂ ನೇರವಾದ ನಂಟನ್ನು ಕಲ್ಪಿಸುವ ಅಗತ್ಯವಿಲ್ಲ. ಉಳುವ ನೆಲವನ್ನು ದಾನ ಮಾಡುವ ಸಮಾಜಗಳೆರಡು, ತಮಗಿಂತ ಹೆಚ್ಚು ಕಾಲ ಬಾಳುವ ಸಾಕ್ಷಿಯನ್ನು ಹುಡುಕಿ, ಆಕಾಶದಲ್ಲಿ ಅದನ್ನು ಕಂಡುಕೊಂಡವು ಎಂದರೆ ಸಾಕು.

ಬೈಬಲಿನ ಹಳೆಯ ಒಡಂಬಡಿಕೆಯು ಈ ಪಶ್ಚಿಮ ಏಷ್ಯಾದ ಹಿನ್ನೆಲೆಯಲ್ಲಿಯೇ ರೂಪುಗೊಂಡ ಗ್ರಂಥ. 1830ರ ದಶಕದ ಆರಂಭದ ಹೊತ್ತಿಗೆ ಬಳ್ಳಾರಿಯ ಮಿಷನರಿಗಳು ಅದನ್ನು ಸಂಪೂರ್ಣವಾಗಿ ಕನ್ನಡಕ್ಕೆ ತಂದಿದ್ದರು. ಒಡಂಬಡಿಕೆಯೆಂದರೆ ಇಸ್ರಾಯೇಲಿನ ದೇವರು ತನ್ನ ಜನರೊಡನೆ ಮಾಡಿಕೊಂಡ ಕರಾರು. ಅದರ ಶರತ್ತುಗಳನ್ನು ವಿವರವಾಗಿ ಹೇಳುವ ಧರ್ಮೋಪದೇಶಕಾಂಡದ 27ನೆಯ ಅಧ್ಯಾಯವು ಕನ್ನಡ ಶಾಸನಗಳ ಪರಿಚಯವಿರುವ ಓದುಗನಿಗೆ ತೀರ ಪರಿಚಿತವೆನಿಸುತ್ತದೆ: ದೊಡ್ಡ ಕಲ್ಲುಗಳನ್ನು ನಿಲ್ಲಿಸಿ, ಸುಣ್ಣ ಬಳಿದು, ಅವುಗಳ ಮೇಲೆ ಧರ್ಮನಿಯಮಗಳನ್ನು ಬರೆಯಬೇಕು, ಆರು ಕುಲಗಳವರು ಗೆರಿಜ್ಜೀಮ್ ಬೆಟ್ಟದ ಮೇಲೆ ಆಶೀರ್ವಾದಕ್ಕೂ ಆರು ಕುಲಗಳವರು ಏಬಾಲ್ ಬೆಟ್ಟದ ಮೇಲೆ ಶಾಪಕ್ಕೂ ನಿಲ್ಲಬೇಕು, ಲೇವಿಯರು 12 ಶಾಪಗಳನ್ನು ಉಚ್ಚರಿಸಿದಾಗ ಜನರೆಲ್ಲರೂ ಆಮೆನ್ ಎನ್ನಬೇಕು. ನೆರೆಯವನ ಗಡಿಕಲ್ಲನ್ನು ಸರಿಸಿದವನು ಶಾಪಗ್ರಸ್ತನೆಂಬುದು ಆ ಹನ್ನೆರಡರಲ್ಲಿ ಒಂದು. ಮುಂದಿನ ಅಧ್ಯಾಯದ 68 ವಚನಗಳಲ್ಲಿ ವಿಧೇಯರಿಗೆ ಸಿಗುವ ಸೌಭಾಗ್ಯಗಳು ಮೊದಲ 14ರಲ್ಲಿ ಮುಗಿದು, ಉಳಿದ 54 ವಚನಗಳು ಬರ, ಬೇನೆ, ಸೋಲು ಮತ್ತು ಸೆರೆಗಳನ್ನು ಒಂದರ ಮೇಲೊಂದು ಹೇರುತ್ತವೆ.

ಬೇರೆಯವರು ಕೊಟ್ಟ ಮಾತು ತನ್ನನ್ನು ಕಟ್ಟಿಹಾಕುವುದೇ ಎಂಬ ಪ್ರಶ್ನೆಯೂ ಅಲ್ಲಿ ಎದುರಾಗುತ್ತದೆ. ಗಿಬ್ಯೋನ್ಯರೆಂಬವರು ಹರಿದ ಬಟ್ಟೆ, ಹಳಸಿದ ರೊಟ್ಟಿಗಳನ್ನು ತೋರಿಸಿ ದೂರದೇಶದವರಂತೆ ನಟಿಸಿ, ತಮ್ಮನ್ನು ಕೊಲ್ಲುವುದಿಲ್ಲವೆಂಬ ಪ್ರಮಾಣವನ್ನು ಯೆಹೋಶುವನಿಂದ ಪಡೆದರು. ಮೋಸ ಬಯಲಾದ ಮೇಲೂ ಪ್ರಮಾಣ ಉಳಿಯಿತು. ಎಷ್ಟೋ ತಲೆಮಾರುಗಳ ನಂತರ ಅರಸ ಸೌಲನು ಅದನ್ನು ಮುರಿದು ಗಿಬ್ಯೋನ್ಯರನ್ನು ಕೊಲ್ಲಿಸಿದ್ದರ ಫಲವಾಗಿ, ಅವನ ನಂತರ ಪಟ್ಟಕ್ಕೆ ಬಂದ ದಾವೀದನ ಕಾಲದಲ್ಲಿ ನಾಡಿಗೆ ಮೂರು ವರ್ಷಗಳ ಬರ ಬಂದಿತೆಂದೂ ಸೌಲನ ಸಂತತಿಯ ಏಳು ಮಂದಿ ಅದಕ್ಕೆ ತಲೆ ಕೊಡಬೇಕಾಯಿತೆಂದೂ ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಮೋಸದಿಂದ ಪಡೆದ ಮಾತಾದರೂ ದೇವರ ಹೆಸರಿನಲ್ಲಿ ಕೊಟ್ಟ ಮೇಲೆ ದೇವರೇ ಅದರ ಕಾವಲುಗಾರನಾಗುತ್ತಾನೆ ಎಂಬ ನಿಲುವು ಇಲ್ಲಿಯದು. ತಪ್ಪು ಮಾಡದ ಮಕ್ಕಳು ಸಾಯುವ ಈ ಕಥೆ ಓದುಗನನ್ನು ಕಲಕದೆ ಬಿಡುವುದಿಲ್ಲ, ಮತ್ತು ಆ ಪರಂಪರೆಯೊಳಗೇ ಯೆಹೆಜ್ಕೇಲ ಪ್ರವಾದಿಯು ತಂದೆಯ ಪಾಪಕ್ಕೆ ಮಗನು ಹೊಣೆಯಲ್ಲವೆಂದು ಮುಂದೆ ಖಂಡತುಂಡವಾಗಿ ಸಾರಬೇಕಾಯಿತು.

ದೈವದ ಸತ್ಯನಿಷ್ಠೆ ಮತ್ತು ಮನುಷ್ಯನ ಅವಿಧೇಯತೆ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ 89ನೆಯ ಕೀರ್ತನೆ. ದಾವೀದನ ವಂಶದ ಸಿಂಹಾಸನವು ಸೂರ್ಯನಂತೆಯೂ ಆಕಾಶದ ನಂಬತಕ್ಕ ಸಾಕ್ಷಿಯಾದ ಚಂದ್ರನಂತೆಯೂ ಸ್ಥಿರವಾಗಿರುವುದೆಂದು ದೇವರು ಕೊಟ್ಟ ಮಾತನ್ನು ಕೀರ್ತನಕಾರನು ಅದರಲ್ಲಿ ನೆನೆಯುತ್ತಾನೆ. ಆ ವಂಶದವರು ಆಜ್ಞೆಗಳನ್ನು ಮೀರಿದರೆ ಏನಾಗಬೇಕೆಂಬುದೂ ಅಲ್ಲಿಯೇ ಇದೆ: ಅವರಿಗೆ ದಂಡನೆ ತಪ್ಪುವುದಿಲ್ಲ, ಆದರೆ ಕೃಪೆಯನ್ನು ಹಿಂತೆಗೆದುಕೊಳ್ಳುವುದಿಲ್ಲ, ಒಡಂಬಡಿಕೆಯನ್ನು ರದ್ದು ಮಾಡುವುದಿಲ್ಲ. ಮಗುವಿಗೆ ಪೆಟ್ಟು ಬಿದ್ದರೂ ಅದು ಮನೆಯ ಮಗುವೇ ಆಗಿ ಉಳಿಯುತ್ತದೆ ಎಂಬಂಥ ಈ ತೀರ್ಮಾನದಲ್ಲಿ ಕೀರ್ತನೆ ಮುಗಿದಿದ್ದರೆ ಅದೊಂದು ಸಮಾಧಾನದ ಹಾಡಾಗಿ ಉಳಿಯುತ್ತಿತ್ತು. ಆದರೆ ಅಲ್ಲಿಂದ ಮುಂದೆ ಅದು ತಿರುಗಿಬಿದ್ದು, ಒಡಂಬಡಿಕೆಯನ್ನು ನೀನೇ ಬಿಟ್ಟುಕೊಟ್ಟೆಯಲ್ಲ, ಕಿರೀಟವನ್ನು ನೆಲಕ್ಕೆ ಹಾಕಿದೆಯಲ್ಲ, ನೀನು ಆಣೆಯಿಟ್ಟ ಆ ಹಿಂದಿನ ಕೃಪೆ ಎಲ್ಲಿ ಹೋಯಿತು ಎಂದು ದೇವರನ್ನೇ ಕೇಳುತ್ತದೆ. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಕೆಡವಿ ಜನರನ್ನು ಸೆರೆಯೊಯ್ದ ಬಳಿಕ ಈ ಪ್ರಶ್ನೆಯನ್ನು ಕೇಳದೆ ಬದುಕಿದ ಯೆಹೂದ್ಯರು ಇರಲಾರರು. ಪ್ರವಾದಿಗಳ ಉತ್ತರ ವಿಚಿತ್ರವಾದದ್ದು: ಮಾತಿಗೆ ತಪ್ಪಿದರೆ ಶಿಕ್ಷೆಯುಂಟೆಂದು ದೇವರು ಮೊದಲೇ ಹೇಳಿದ್ದನು, ಶಿಕ್ಷೆ ಬಂದಿತು, ಆದ್ದರಿಂದ ಅವನು ಮಾತಿಗೆ ತಪ್ಪದವನೆಂದು ಸಿದ್ಧವಾಯಿತು, ಆದ್ದರಿಂದ ಮರಳಿ ಕರೆತರುವೆನೆಂಬ ಅವನ ಇನ್ನೊಂದು ಮಾತನ್ನೂ ನಂಬಬಹುದು.

ಶಿಕ್ಷೆಯೂ ಸತ್ಯನಿಷ್ಠೆಯ ಭಾಗವೇ ಎಂಬ ಈ ವಾದವನ್ನು ಹೊಳೆನರಸೀಪುರದವರು ತಮ್ಮ ಊರದೇವರ ಕಥೆಯಲ್ಲಿಯೇ ಕಾಣಬಹುದು. ಹೇಮಾವತಿಯ ದಂಡೆಯ ಆ ಊರಿನ ಲಕ್ಷ್ಮೀನರಸಿಂಹನ ಪುರಾಣವನ್ನು ದುಷ್ಟಸಂಹಾರದ ಕಥೆಯೆಂದು ಹೇಳುವುದು ರೂಢಿ. ಭಾಗವತದ ಏಳನೆಯ ಸ್ಕಂಧವನ್ನು ಗಮನವಿಟ್ಟು ಓದಿದರೆ ಅದು ಕೊಟ್ಟ ಮಾತುಗಳ ಕಥೆ. ಹಿರಣ್ಯಕಶಿಪುವಿಗೆ ಬ್ರಹ್ಮನು ವರ ಕೊಟ್ಟಿದ್ದಾನೆ: ಮನುಷ್ಯನಿಂದಾಗಲಿ ಮೃಗದಿಂದಾಗಲಿ, ಒಳಗಾಗಲಿ ಹೊರಗಾಗಲಿ, ಹಗಲಾಗಲಿ ಇರುಳಾಗಲಿ, ನೆಲದ ಮೇಲಾಗಲಿ ಆಕಾಶದಲ್ಲಾಗಲಿ, ಆಯುಧದಿಂದಾಗಲಿ ಸಾವಿಲ್ಲ. ವರ ಪಡೆದವನು ಲೋಕಕಂಟಕನಾದ ಮೇಲೆ ಆ ವರವನ್ನು ರದ್ದುಮಾಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ವಿಷ್ಣುವು ಬ್ರಹ್ಮನ ಮಾತಿನ ಒಂದು ಶರತ್ತನ್ನೂ ಮುರಿಯದೆ, ಅರ್ಧ ಸಿಂಹ ಅರ್ಧ ಮನುಷ್ಯನಾಗಿ, ಹೊಸ್ತಿಲಿನಲ್ಲಿ, ಮುಸ್ಸಂಜೆಯಲ್ಲಿ, ತೊಡೆಯ ಮೇಲೆ, ಉಗುರುಗಳಿಂದ ಅವನನ್ನು ಸೀಳುತ್ತಾನೆ. ಅಪಾತ್ರನಿಗೆ ಕೊಟ್ಟ ಮಾತನ್ನೂ ದೈವ ಅಕ್ಷರಶಃ ನಡೆಸುತ್ತದೆ. ಅದೇ ಹೊತ್ತಿಗೆ, ದೇವರು ಕಂಬದಲ್ಲಿಯೂ ಇದ್ದಾನೆಂಬ ಪ್ರಹ್ಲಾದನ ಮಾತನ್ನು ನಿಜಮಾಡಲೆಂದೇ ಅವನು ಕಂಬದಿಂದ ಬಂದನೆಂದು ಭಾಗವತಕಾರನು ಸ್ಪಷ್ಟವಾಗಿ ಹೇಳುತ್ತಾನೆ.

ಕಥೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಹಿರಣ್ಯಾಕ್ಷ ಹಿರಣ್ಯಕಶಿಪುಗಳು ಮೂಲತಃ ವೈಕುಂಠದ ದ್ವಾರಪಾಲಕರಾದ ಜಯ ವಿಜಯರು. ಸನಕಾದಿ ಮುನಿಗಳನ್ನು ಬಾಗಿಲಲ್ಲಿ ತಡೆದ ತಪ್ಪಿಗೆ ಶಾಪ ಪಡೆದು ಮೂರು ಜನ್ಮಗಳಲ್ಲಿ ಹರಿಯ ವೈರಿಗಳಾಗಿ ಹುಟ್ಟಿದವರು. ಆ ಶಾಪವನ್ನು ನಿವಾರಿಸುವ ಶಕ್ತಿ ತನಗಿದ್ದರೂ ಹಾಗೆ ಮಾಡಲು ತಾನು ಬಯಸುವುದಿಲ್ಲವೆಂದು ವಿಷ್ಣುವು ಅವರಿಗೆ ಹೇಳುತ್ತಾನೆ. ಅಂದರೆ ತಪ್ಪಿನ ಫಲ ತಪ್ಪುವುದಿಲ್ಲ, ಆದರೆ ಅದಕ್ಕೊಂದು ಎಲ್ಲೆಯುಂಟು, ಅದು ಮುಗಿದ ಮೇಲೆ ಬಾಗಿಲಿಗೆ ಮರಳುವ ಹಕ್ಕು ಹಾಗೆಯೇ ಇರುತ್ತದೆ. 89ನೆಯ ಕೀರ್ತನೆಯ ನಡುಭಾಗಕ್ಕೂ ಈ ಪ್ರಸಂಗಕ್ಕೂ ಇರುವ ಸಾಮ್ಯ ಆಕಸ್ಮಿಕವಾದರೂ ಗಾಢವಾದದ್ದು.

ದೈವವೇ ಈ ನಿಯಮಕ್ಕೆ ಹೊರತೇ ಎಂದು ಕೇಳುವವರಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಉತ್ತರವಿದೆ. ಕಾವೇರಿಯ ದಡದ ರಾಮೇಶ್ವರ ದೇವಾಲಯದ ಲಿಂಗವನ್ನು ರಾವಣವಧೆಯ ಬ್ರಹ್ಮಹತ್ಯಾದೋಷದ ಪರಿಹಾರಕ್ಕಾಗಿ ರಾಮನೇ ಸ್ಥಾಪಿಸಿದನೆಂಬುದು ಸ್ಥಳಪುರಾಣ. ಕೊಂದದ್ದು ಧರ್ಮಕ್ಕಾಗಿ, ಕೊಂದವನು ಅವತಾರಪುರುಷ, ಆದರೂ ಪ್ರಾಯಶ್ಚಿತ್ತ ತಪ್ಪಲಿಲ್ಲ. ಶಾಸನಗಳು ಸೇತುವೆಯನ್ನು ಕಾಪಾಡಿರೆಂಬ ಬೇಡಿಕೆಯನ್ನು ಇದೇ ರಾಮನ ಬಾಯಲ್ಲಿ ಇಡುವುದರ ಔಚಿತ್ಯ ಇಲ್ಲಿ ಹೊಳೆಯುತ್ತದೆ. ಹಾಸನದಲ್ಲಿ ಜನಪದರು ಇದನ್ನು ಇನ್ನೂ ನೇರವಾಗಿ ಹೇಳುತ್ತಾರೆ: ವರ್ಷಕ್ಕೊಮ್ಮೆ ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ಬಾಗಿಲು ತೆರೆದು ದೀಪಾವಳಿಯ ಹೊತ್ತಿಗೆ ಮುಚ್ಚುವ ಹಾಸನಾಂಬೆಯ ಗುಡಿಯ ಆವರಣದಲ್ಲಿ, ದೇವಿಯ ಒಡವೆ ಕದಿಯಲು ಬಂದು ಕಲ್ಲಾದ ನಾಲ್ವರು ಕಳ್ಳರದೆಂದು ತೋರಿಸುವ ಕಳ್ಳಪ್ಪನ ಗುಡಿಯಿದೆ. ಕದಿಯಲು ಬಂದವನಿಗೂ ಕೊನೆಗೆ ಗುಡಿಯೊಂದನ್ನು ಕಟ್ಟಿಕೊಟ್ಟ ಜನರ ಮನಸ್ಸನ್ನು ಮೆಚ್ಚಲೇಬೇಕು.

ಇಂಥ ಕಥೆಗಳಲ್ಲಿ ಅಪಾಯವೂ ಉಂಟು. ಪಾಪಕ್ಕೆ ಕಷ್ಟ ಫಲವೆಂದು ನಂಬಿದವನು, ಕಷ್ಟದಲ್ಲಿರುವವರನ್ನು ಕಂಡಾಗಲೆಲ್ಲ ಅವರು ಪಾಪಿಗಳೆಂದು ಹಿಂದುಮುಂದಾಗಿ ತರ್ಕಿಸಲು ತೊಡಗುತ್ತಾನೆ. ಬಂಜೆಯನ್ನು, ಕುರುಡನನ್ನು, ರೋಗಿಯನ್ನು ಊರು ಹೀಗೆಯೇ ನೋಯಿಸಿದೆ. ಧರ್ಮಗ್ರಂಥಗಳಲ್ಲಿಯೇ ಇದನ್ನು ಒಪ್ಪದ ಮಾತುಗಳಿವೆ. ಬೈಬಲಿನ ಯೋಬನ ಗ್ರಂಥವು ನಿರಪರಾಧಿಯೊಬ್ಬನ ಸಂಕಟವನ್ನು ಮುಂದಿಟ್ಟು, ಅವನು ಪಾಪ ಮಾಡಿರಲೇಬೇಕೆಂದು ವಾದಿಸಿದ ಸ್ನೇಹಿತರನ್ನು ದೇವರೇ ಗದರಿಸುವಂತೆ ಮಾಡುತ್ತದೆ. ಹುಟ್ಟುಕುರುಡನನ್ನು ತೋರಿಸಿ ಇವನ ಪಾಪವೋ ತಂದೆತಾಯಿಯ ಪಾಪವೋ ಎಂದು ಕೇಳಿದ ಶಿಷ್ಯರಿಗೆ ಯೇಸು ಎರಡೂ ಅಲ್ಲವೆನ್ನುತ್ತಾನೆ. ವೇದಾಂತದಲ್ಲಿ ಇದೇ ಸಮಸ್ಯೆ ಬೇರೆ ರೂಪದಲ್ಲಿ ಬರುತ್ತದೆ: ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ಈಶ್ವರನು ಪಕ್ಷಪಾತಿಯೂ ನಿರ್ದಯನೂ ಆಗುವುದಿಲ್ಲವೇ ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಕೇಳುತ್ತದೆ. ಶಂಕರಾಚಾರ್ಯರ ಭಾಷ್ಯವು ಕೊಡುವ ಉತ್ತರವೆಂದರೆ ಈಶ್ವರನು ಮಳೆಯಂತೆ. ಬತ್ತಕ್ಕೂ ಜವೆಗೂ ಬೀಳುವ ಮಳೆ ಒಂದೇ, ಬೆಳೆಯ ಭೇದ ಬೀಜದ್ದು. ಶಾಂಕರಭಾಷ್ಯಗಳನ್ನು ಕನ್ನಡಕ್ಕೆ ತಂದ ಸಚ್ಚಿದಾನಂದೇಂದ್ರ ಸರಸ್ವತಿಗಳು 1920ರಲ್ಲಿ ಸ್ಥಾಪಿಸಿದ ಅಧ್ಯಾತ್ಮಪ್ರಕಾಶ ಕಾರ್ಯಾಲಯವು ನಂತರ ಹೊಳೆನರಸೀಪುರದಲ್ಲಿ ನೆಲೆಗೊಂಡದ್ದರಿಂದ, ಸಂಸ್ಕೃತ ಬಾರದ ಕನ್ನಡಿಗರೂ ಈ ಚರ್ಚೆಯನ್ನು ಆ ಊರಿನ ಪುಸ್ತಕಗಳ ಮೂಲಕ ಹಿಂಬಾಲಿಸಲು ಸಾಧ್ಯವಾಗಿದೆ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಬಂದರೆ ವಿಷಯ ಇನ್ನಷ್ಟು ಜಟಿಲವಾಗುತ್ತದೆ. ಜೈನ ಸಿದ್ಧಾಂತದಲ್ಲಿ ಶಿಕ್ಷೆ ವಿಧಿಸುವ ಸೃಷ್ಟಿಕರ್ತನಾದ ದೇವರಿಲ್ಲ. ಕರ್ಮವೆಂಬುದು ಜೀವಕ್ಕೆ ಅಂಟಿಕೊಳ್ಳುವ ಸೂಕ್ಷ್ಮ ದ್ರವ್ಯ, ಅದರ ಫಲ ತಾನಾಗಿಯೇ ಒದಗುತ್ತದೆ. ಬೆಟ್ಟದ ಮೇಲೆ ನಿಂತಿರುವ 58 ಅಡಿಯ ಬಾಹುಬಲಿಯಂತೂ ಆಜ್ಞೆಯನ್ನು ಮೀರಿದ್ದಕ್ಕಾಗಿಯೇ ಪೂಜ್ಯನಾದವನು. ಚಕ್ರವರ್ತಿಯಾದ ಅಣ್ಣ ಭರತನಿಗೆ ತಲೆಬಾಗಲು ಅವನು ಒಪ್ಪಲಿಲ್ಲ. ಗೊತ್ತುಮಾಡಿಕೊಂಡ ಮೂರು ಬಗೆಯ ಯುದ್ಧಗಳಲ್ಲಿಯೂ ಸೋತ ಭರತನು ನಿಯಮ ಮೀರಿ ಚಕ್ರವನ್ನು ಎಸೆದಾಗ ಅದು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ಸುಮ್ಮನೆ ನಿಂತಿತು. ಅರಸನ ಅಪ್ಪಣೆ ಬೇರೆ, ಧರ್ಮದ ಕಟ್ಟಳೆ ಬೇರೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಕಥೆ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ.

ಆದರೂ ಅದೇ ಬೆಳಗೊಳದ ಜೈನ ದಾನಿಗಳು ತಮ್ಮ ಶಾಸನಗಳಲ್ಲಿ ಶಾಪವನ್ನು ಬಿಡಲಿಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಕಣ್ಣೇಗಾಲದಲ್ಲಿ ಚಾಲುಕ್ಯರ ಸೇನೆಯನ್ನು ಸೋಲಿಸಿ, ಮೆಚ್ಚಿ ಬೇಡಿಕೊಳ್ಳೆಂದ ಅರಸನಿಂದ ಪರಮ ಎಂಬ ಗ್ರಾಮವನ್ನು ಪಡೆದು, 1118ರ ಸುಮಾರಿಗೆ ಅದನ್ನು ತನ್ನ ತಾಯಿಯೂ ಹೆಂಡತಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟನು. ಬೆಳಗೊಳದ ಇಂಥ ದತ್ತಿಶಾಸನಗಳು ದಾನವನ್ನು ಕೆಡಿಸಿದವನಿಗೆ ಕುರುಕ್ಷೇತ್ರ ವಾರಾಣಸಿಗಳಲ್ಲಿ ಕವಿಲೆಗಳನ್ನೂ, ಅಂದರೆ ಕಪಿಲೆ ಹಸುಗಳನ್ನೂ, ವೇದಪಾರಂಗತರನ್ನೂ ಕೊಂದ ಪಾಪವನ್ನು ಹೇಳುತ್ತವೆ. ವೇದವನ್ನು ಪ್ರಮಾಣವೆಂದು ಒಪ್ಪದವರು ವೇದಜ್ಞರ ಕೊಲೆಯ ಪಾಪವನ್ನು ಕಾವಲಿಗಿಟ್ಟದ್ದು ವಿರೋಧಾಭಾಸದಂತೆ ತೋರಬಹುದು. ಹಾಗೇನಿಲ್ಲ, ಶಾಪವು ದಾನಿಯ ನಂಬಿಕೆಯನ್ನು ಹೇಳುವುದಕ್ಕಲ್ಲ, ಅಪಹರಿಸಲು ಬರುವವನ ನಂಬಿಕೆಯನ್ನು ಹಿಡಿಯುವುದಕ್ಕೆ ಬರೆದದ್ದು.

ಈ ಬಗೆಯ ವ್ಯವಹಾರಜ್ಞಾನ ಪರಾಕಾಷ್ಠೆ ಮುಟ್ಟಿದ್ದು 1368ರಲ್ಲಿ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ 24 ತೀರ್ಥಂಕರರಿಗಾಗಿ ಕಟ್ಟಿಸಿದ, ಶ್ರವಣಬೆಳಗೊಳ ಊರೊಳಗಿನ ಭಂಡಾರಿ ಬಸದಿಯಲ್ಲಿರುವ ವಿಜಯನಗರದ ಬುಕ್ಕರಾಯನ ಶಾಸನವು ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಹುಟ್ಟಿದ ವ್ಯಾಜ್ಯವನ್ನು ತೀರ್ಮಾನಿಸಿದ ದಾಖಲೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರು. ಬುಕ್ಕರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಕೂಡಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು. ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದೂ, ಪಂಚಮಹಾವಾದ್ಯ ಮತ್ತು ಕಲಶಗಳ ಮರ್ಯಾದೆ ಜೈನರಿಗೆ ಮೊದಲಿನಂತೆಯೇ ಸಲ್ಲುವುದೆಂದೂ, ಜೈನದರ್ಶನಕ್ಕಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಬಗೆಯಬೇಕೆಂದೂ ವಿಧಿಸಿದನು. ಸೂರ್ಯಚಂದ್ರರಿರುವವರೆಗೆ ವೈಷ್ಣವ ಸಮಯವು, ಅಂದರೆ ಮತ ಅಥವಾ ಪಂಥವು, ಜೈನದರ್ಶನವನ್ನು ರಕ್ಷಿಸುತ್ತದೆ ಎಂಬ ವಚನವನ್ನು ನಾಡಿನ ಬಸದಿಗಳಲ್ಲೆಲ್ಲ ಕಲ್ಲಿನಲ್ಲಿ ಬರೆಸುವ ಹೊಣೆ ವೈಷ್ಣವರ ಮೇಲೆಯೇ ಬಿದ್ದಿತು.

ಈ ಶಾಸನವೂ ಶಾಪದಿಂದಲೇ ಮುಗಿಯುತ್ತದೆ, ಗಂಗೆಯ ತಡಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣನನ್ನೂ ಕೊಂದ ಪಾಪವನ್ನೇ ಹೇಳುತ್ತದೆ. ಆದರೆ ಅದಕ್ಕೆ ಮೊದಲು ಅದು, ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಮೂರು ಲೌಕಿಕ ಅಪರಾಧಗಳನ್ನು ಹೆಸರಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಖರ್ಚಿನ ಬಾಬತ್ತನ್ನೂ ಗೊತ್ತುಮಾಡುತ್ತದೆ: ನಾಡಿನ ಜೈನರು ಒಪ್ಪಿ ಮನೆಗೆ ವರ್ಷಕ್ಕೊಂದು ಹಣ, ಅಂದರೆ ಆ ಕಾಲದ ಚಿಕ್ಕ ಚಿನ್ನದ ನಾಣ್ಯ, ಕೊಡಬೇಕು, ತಿರುಮಲೆಯ ತಾತಯ್ಯನು ಅದನ್ನು ಎತ್ತಿ ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನಿಟ್ಟು, ಮಿಕ್ಕ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಜೈನರ ಹಣ, ವೈಷ್ಣವ ಆಚಾರ್ಯನ ಆಡಳಿತ, ಬಾಹುಬಲಿಯ ಕಾವಲು. ಧರ್ಮೋಪದೇಶಕಾಂಡದ ಒಡಂಬಡಿಕೆಯಲ್ಲಿ ದೇವರೇ ಒಬ್ಬ ಪಕ್ಷಗಾರ, ಅವನೇ ನ್ಯಾಯಾಧಿಪತಿ. ಇಲ್ಲಿ ಪಕ್ಷಗಾರರು ಎರಡು ಸಮುದಾಯಗಳ ಮನುಷ್ಯರು, ದೈವವು ಸಾಕ್ಷಿ ಮಾತ್ರ. ಸಾಕ್ಷಿಯನ್ನಷ್ಟೇ ನೆಚ್ಚಿ ಕೂರಬಾರದೆಂಬ ವಿವೇಕ ಬುಕ್ಕರಾಯನಿಗಿತ್ತು, ಶಾಪಾಶಯಗಳ ಇಡೀ ಪರಂಪರೆಯಲ್ಲಿ ಈ ಶಾಸನದ ಹಿರಿಮೆ ಇರುವುದು ಅಲ್ಲಿಯೇ. ಅದರ ಜೊತೆಗೆ ಸೇರಿಸಿದ ಸಾಲುಗಳು ಇನ್ನೊಂದು ಸಂಗತಿಯನ್ನು ತಿಳಿಸುತ್ತವೆ: ಕಲ್ಲೆಹದ ಬುಸುವಿ ಸೆಟ್ಟಿ ಎಂಬವನು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನು, ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದರು. ಸೂರ್ಯಚಂದ್ರರವರೆಗಿನ ಮಾತಿಗೂ ಮನುಷ್ಯರ ಕೈಯಿಂದ ನವೀಕರಣ ಬೇಕಾಯಿತು.

ಭೂದಾನದ ಶಾಪಗಳ ಲೌಕಿಕ ಆಯುಷ್ಯ ಕೊನೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೈಸೂರು ಸರ್ಕಾರದ 1955ರ ಧಾರ್ಮಿಕ ಮತ್ತು ದತ್ತಿ ಇನಾಂ ರದ್ದತಿ ಕಾಯಿದೆಯು ದೇವಾದಾಯ ಜಮೀನುಗಳನ್ನು, ಅಂದರೆ ದೇವರಿಗೆ ಬಿಟ್ಟ ನೆಲವನ್ನು, ಸರ್ಕಾರಕ್ಕೆ ಸೇರಿಸಿ, ಉಳುತ್ತಿದ್ದ ಗೇಣಿದಾರರಿಗೆ ಹಕ್ಕು ಪಡೆಯುವ ದಾರಿ ತೆರೆದು, ದೇವಾಲಯಗಳಿಗೆ ವರ್ಷಾವಧಿ ತಸ್ತೀಕು ಎಂಬ ಮೊತ್ತವನ್ನು ಗೊತ್ತುಮಾಡಿತು. 60,000 ವರ್ಷಗಳ ಹುಳುಜನ್ಮವನ್ನು ಆಗ ಯಾರೂ ನೆನೆದಂತೆ ಕಾಣುವುದಿಲ್ಲ. ಅದು ಅಪಹಾರವೂ ಆಗಿರಲಿಲ್ಲ. ಹಳೆಯ ದಾನಗಳು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಉಳುವವನ ಹಕ್ಕನ್ನು ಅದು ಎತ್ತಿಹಿಡಿಯಿತು, ಕೊಟ್ಟ ಮಾತಿನ ಒಂದು ಪಾಲನ್ನು ತಸ್ತೀಕಿನ ರೂಪದಲ್ಲಿ ಉಳಿಸಿಯೂ ಕೊಂಡಿತು. ಆ ಮೊತ್ತವನ್ನು ಕಾಲಕಾಲಕ್ಕೆ ಸರಿಯಾಗಿ ಸಲ್ಲಿಸುವುದು ಈಗ ಉಳಿದಿರುವ ಪಾಲನೆ.

ಶಾಸನದ ಕಲ್ಲುಗಳ ಸ್ಥಿತಿ ಮಾತ್ರ ಸಮಾಧಾನ ತರುವಂಥದ್ದಲ್ಲ. ಬಟ್ಟೆ ಒಗೆಯುವ ಬಂಡೆಯಾಗಿ, ಮೋರಿಯ ಚಪ್ಪಡಿಯಾಗಿ, ಅಡಿಯಲ್ಲಿ ನಿಧಿಯಿದೆಯೆಂಬ ಆಸೆಗೆ ಬುಡ ಅಗೆಸಿಕೊಂಡು ಉರುಳಿದ ತುಂಡಾಗಿ ಅವು ಹಳ್ಳಿಗಳಲ್ಲಿ ಬಿದ್ದಿರುತ್ತವೆ. ಇಂಥ ಲಿಪಿಗಲ್ಲು ಕಂಡುಬಂದಲ್ಲಿ ಅದರ ಮೇಲೆ ಬಣ್ಣ ಬಳಿಯದೆ, ಇದ್ದ ಜಾಗದಿಂದ ಕೀಳದೆ, ಗ್ರಾಮ ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ತಿಳಿಸುವುದು ಆಯಾ ಊರಿನವರು ಮಾಡಬಹುದಾದ ಕೆಲಸ. ಶ್ರವಣಬೆಳಗೊಳಕ್ಕೆ ಹೋದವರು ಬೆಟ್ಟ ಹತ್ತಿ ಇಳಿದು ಹಾಗೆಯೇ ಬಸ್ಸು ಹಿಡಿಯದೆ, ಊರೊಳಗಿನ ಭಂಡಾರಿ ಬಸದಿಗೂ ಹೋಗಿ 1368ರ ಆ ಶಾಸನವನ್ನು ನೋಡಿಬರಬೇಕು.